ಓದುಗರ ಪ್ರಶ್ನೆಗಳು: ಪಿಯಾನೊ ಕಲಿಕೆ ಮತ್ತು ಮಕ್ಕಳ ಇಂಗ್ಲಿಷ್

ಮುಂಬೈಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಹಲವು ವರ್ಷ ಇಂಗ್ಲಿಷ್ ಕಲಿಸಿದವಳು ನಾನು. ಸಂಜೆಯ ಹೊತ್ತು ಮನೆಯಲ್ಲಿ ಪಿಯಾನೊ ಹೇಳಿಕೊಡುತ್ತೇನೆ. ಈ ಎರಡು ವಿಷಯಗಳ ಕುರಿತು ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ತಿಂಗಳು ಉತ್ತರಿಸಿದ್ದೇನೆ. ಎರಡೂ ಮೊದಲು ಕಿವಿಗೆ ಬರಬೇಕಾದ ವಿದ್ಯೆಗಳೆಂಬುದು ನನ್ನ ಅನುಭವವಾದ್ದರಿಂದ, ಎರಡನ್ನೂ ಒಂದೇ ಅಂಕಣದಲ್ಲಿ ಇಟ್ಟಿದ್ದೇನೆ.

ಪ್ರಶ್ನೆ: ನನ್ನ ಏಳು ವರ್ಷದ ಮಗಳು ಪಿಯಾನೊ ಕಲಿಯಬೇಕೆಂದು ಹಟ ಹಿಡಿದಿದ್ದಾಳೆ. ನಮ್ಮದು ಸಣ್ಣ ಫ್ಲ್ಯಾಟ್. ಚಿಕ್ಕ ಕೀಬೋರ್ಡ್ ಕೊಂಡರೆ ಸಾಕೇ? – ಗೃಹಿಣಿ, ಡೊಂಬಿವಲಿ

ಪೂರ್ಣ ಪ್ರಮಾಣದ ಪಿಯಾನೊದಲ್ಲಿ 88 ಕೀಗಳಿರುತ್ತವೆ, 52 ಬಿಳಿ ಮತ್ತು 36 ಕಪ್ಪು. ಏಳು ವರ್ಷದ ಮಗುವಿಗೆ ಮೊದಲ ಒಂದೆರಡು ವರ್ಷ ಅಷ್ಟೆಲ್ಲ ಬೇಕಾಗುವುದಿಲ್ಲ, 61 ಕೀಗಳ ಕೀಬೋರ್ಡ್ ಧಾರಾಳವಾಗಿ ಸಾಲುತ್ತದೆ. ಆದರೆ ಆಟಿಕೆಯಂತಿರುವ, ಕೀಗಳೇ ಕಿರಿದಾಗಿರುವ ಕೀಬೋರ್ಡನ್ನು ದಯವಿಟ್ಟು ಕೊಳ್ಳಬೇಡಿ. ಅದರಲ್ಲಿ ಬೆರಳುಗಳ ನಡುವಿನ ಅಂತರ ತಪ್ಪಾಗಿ ರೂಢಿಯಾಗುತ್ತದೆ, ಮುಂದೆ ದೊಡ್ಡ ವಾದ್ಯದ ಮುಂದೆ ಕುಳಿತಾಗ ಮಗು ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಗುತ್ತದೆ.

ಅಂಗಡಿಯಲ್ಲಿ ನೀವೇ ಒಂದು ಪರೀಕ್ಷೆ ಮಾಡಿ ನೋಡಿ. ಒಂದೇ ಕೀಯನ್ನು ಒಮ್ಮೆ ಮೆಲ್ಲಗೆ, ಇನ್ನೊಮ್ಮೆ ಜೋರಾಗಿ ಒತ್ತಿ. ಎರಡು ಸಲವೂ ಒಂದೇ ಗಟ್ಟಿತನದಲ್ಲಿ ದನಿ ಬಂದರೆ ಆ ಕೀಬೋರ್ಡನ್ನು ಬಿಟ್ಟು, ಬೆರಳಿನ ಒತ್ತಡಕ್ಕೆ ತಕ್ಕಂತೆ ದನಿ ಏರಿಳಿಯುವಂಥದ್ದನ್ನು ಕೇಳಿ ಪಡೆಯಿರಿ. ಸುಮಾರು 1700ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬಾತ ಈ ವಾದ್ಯವನ್ನು ರೂಪಿಸಿದ್ದೇ ಬೆರಳಿನಿಂದ ದನಿಯನ್ನು ಹಿಗ್ಗಿಸಿ ಕುಗ್ಗಿಸಬೇಕೆಂಬ ಉದ್ದೇಶದಿಂದ. ಪಿಯಾನೊಫೋರ್ತೆ ಎಂಬ ಅದರ ಪೂರ್ಣ ಹೆಸರಿಗೂ ‘ಮೆಲ್ಲಗೆ, ಜೋರಾಗಿ’ ಎಂದೇ ಅರ್ಥ. ಆ ಗುಣವಿಲ್ಲದ ವಾದ್ಯದಲ್ಲಿ ಕಲಿತ ಮಗುವಿಗೆ ಸ್ವರ ಬರುತ್ತದೆ, ಭಾವ ಬರುವುದಿಲ್ಲ.

ಕೀಬೋರ್ಡನ್ನು ಮಂಚದ ಮೇಲೋ ನೆಲದ ಮೇಲೋ ಇಟ್ಟು ನುಡಿಸಲು ಬಿಡಬೇಡಿ. ಸ್ಟ್ಯಾಂಡಿನ ಮೇಲಿಟ್ಟು, ಮಗು ಕುಳಿತಾಗ ಮೊಣಕೈ ಕೀಗಳ ಮಟ್ಟಕ್ಕೆ ಬರುವಂತೆ ಕುರ್ಚಿಯ ಎತ್ತರವನ್ನು ಹೊಂದಿಸಿ. ಕಾಲುಗಳು ನೆಲಕ್ಕೆ ಎಟುಕದಿದ್ದರೆ ಮನೆಯಲ್ಲಿರುವ ಊಟದ ಮಣೆಯನ್ನೇ ಪಾದದ ಕೆಳಗಿಡಿ. ಕಾಲು ತೂಗಾಡುತ್ತಿದ್ದರೆ ಭುಜ ಬಿಗಿಯಾಗುತ್ತದೆ. ಮಳೆಗಾಲದಲ್ಲಿ ಕಿಟಕಿಯಿಂದ ದೂರವಿರಿಸಿ, ಹತ್ತಿಬಟ್ಟೆ ಹೊದಿಸಿ. ಎರಡು ವರ್ಷದ ನಂತರವೂ ಆಸಕ್ತಿ ಉಳಿದಿದ್ದರೆ, ಆಗ ಕೀಗಳಿಗೆ ಪಿಯಾನೊದಂತೆಯೇ ಭಾರವಿರುವ 88 ಕೀಗಳ ಡಿಜಿಟಲ್ ಪಿಯಾನೊ ಕೊಳ್ಳುವ ಯೋಚನೆ ಮಾಡಬಹುದು.

ಪ್ರಶ್ನೆ: ಟೀಚರೇ, ನನಗೆ 54 ವರ್ಷ. ಹೋಟೆಲಿನಲ್ಲಿ ಕೆಲಸ. ಶನಿವಾರದ ಭಜನೆಯಲ್ಲಿ ಇಪ್ಪತ್ತು ವರ್ಷದಿಂದ ಹಾರ್ಮೋನಿಯಂ ನುಡಿಸುತ್ತಿದ್ದೇನೆ. ಮಗ ಬಿಟ್ಟುಹೋದ ಕೀಬೋರ್ಡ್ ಮನೆಯಲ್ಲಿದೆ. ಈ ವಯಸ್ಸಿನಲ್ಲಿ ಪಿಯಾನೊ ಕಲಿಯಲು ಸಾಧ್ಯವೇ? – ಘಾಟ್‌ಕೋಪರ್

ಖಂಡಿತ ಸಾಧ್ಯವಿದೆ, ಅಷ್ಟೇ ಅಲ್ಲ, ಸೊನ್ನೆಯಿಂದ ಆರಂಭಿಸುವ ಯುವಕರಿಗಿಂತ ನೀವು ಬಹಳ ಮುಂದಿದ್ದೀರಿ. ಇಪ್ಪತ್ತು ವರ್ಷ ಭಜನೆಗೆ ಜೊತೆ ಕೊಟ್ಟವರ ಕಿವಿ ಹದವಾಗಿರುತ್ತದೆ. ಹಾಡುವವರು ಎಲ್ಲಿ ಏರುತ್ತಾರೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂಬುದು ನಿಮ್ಮ ಬೆರಳಿಗೆ ಗೊತ್ತಿದೆ. ಬಿಳಿ ಮತ್ತು ಕಪ್ಪು ಕೀಗಳ ಜೋಡಣೆ ಎರಡೂ ವಾದ್ಯಗಳಲ್ಲಿ ಒಂದೇ ಆಗಿರುವುದರಿಂದ ದಾರಿ ಪರಿಚಿತವೇ. ನಡೆಯುವ ಕ್ರಮ ಮಾತ್ರ ಬೇರೆ.

ಹಾರ್ಮೋನಿಯಂನಲ್ಲಿ ತಿದಿಯ ಗಾಳಿ ಇರುವವರೆಗೆ ಒತ್ತಿದ ಸ್ವರ ನಿಂತಿರುತ್ತದೆ. ಪಿಯಾನೊದಲ್ಲಿ ಕೀಯನ್ನು ಒತ್ತಿದಾಗ ಒಳಗಿನ ಸುತ್ತಿಗೆಯೊಂದು ತಂತಿಗೆ ಬಡಿದು ಹಿಂದೆ ಸರಿಯುತ್ತದೆ. ಆ ಕ್ಷಣದಿಂದಲೇ ಸ್ವರ ಕರಗಲು ತೊಡಗುತ್ತದೆ, ಮತ್ತೆಷ್ಟು ಅದುಮಿ ಹಿಡಿದರೂ ಅದು ಬೆಳೆಯುವುದಿಲ್ಲ. ನಿಮ್ಮ ಕೀಬೋರ್ಡ್ ಕೂಡ ಪಿಯಾನೊ ದನಿಯಲ್ಲಿ ಇದನ್ನೇ ಅನುಕರಿಸುತ್ತದೆ. ಆದ್ದರಿಂದ ಬೆರಳು ಹೇಗೆ ಬೀಳುತ್ತದೆ ಎಂಬುದೇ ಇಲ್ಲಿ ಎಲ್ಲವನ್ನೂ ನಿರ್ಧರಿಸುತ್ತದೆ. ಅಂಗೈಯಲ್ಲಿ ಒಂದು ನಿಂಬೆಹಣ್ಣು ಹಿಡಿದಂತೆ ಬೆರಳುಗಳನ್ನು ಬಾಗಿಸಿ, ತುದಿಯಿಂದ ಒತ್ತಿ, ಒತ್ತಿದ ಮೇಲೆ ಬಿಗಿಯನ್ನು ಸಡಿಲಿಸಿ.

ಇಷ್ಟು ವರ್ಷ ತಿದಿಯನ್ನು ತಳ್ಳುತ್ತಿದ್ದ ನಿಮ್ಮ ಎಡಗೈಗೆ ಸ್ವರ ಗೊತ್ತಿಲ್ಲ. ಮೊದಲ ತಿಂಗಳ ಅರ್ಧ ಸಮಯವನ್ನಾದರೂ ಅದಕ್ಕೇ ಕೊಡಿ. ಎರಡೂ ಕೈಗಳಲ್ಲಿ ಹೆಬ್ಬೆರಳು 1, ಕಿರುಬೆರಳು 5 ಎಂದು ಎಣಿಸುತ್ತಾರೆ. ನೀವು ಬಿಳಿ ಒಂದು ಎನ್ನುವ ಕೀಗೆ ಪಿಯಾನೊದಲ್ಲಿ ಸಿ ಎಂದು ಹೆಸರು. ಎರಡು ಕಪ್ಪು ಕೀಗಳ ಗುಂಪಿನ ಎಡಬದಿಯ ಬಿಳಿ ಕೀ ಅದು. ಅಲ್ಲಿಂದ ಬಲಗೈಯಲ್ಲಿ ಆರೋಹಣಕ್ಕೆ 1-2-3, ಮತ್ತೆ ಹೆಬ್ಬೆರಳನ್ನು ಮಧ್ಯದ ಬೆರಳಿನ ಕೆಳಗಿನಿಂದ ದಾಟಿಸಿ 1-2-3-4-5. ಎಡಗೈಯಲ್ಲಿ 5-4-3-2-1, ಅನಂತರ ಮಧ್ಯದ ಬೆರಳನ್ನು ಹೆಬ್ಬೆರಳಿನ ಮೇಲಿನಿಂದ ದಾಟಿಸಿ 3-2-1. ಹೀಗೆ ಬಿಳಿ ಕೀಗಳಲ್ಲಿಯೇ ನುಡಿಯುವ ಎಂಟು ಸ್ವರಗಳು ನಿಮಗೆ ಬಿಲಾವಲ್ ಥಾಟ್, ಪಾಶ್ಚಾತ್ಯ ಸಂಗೀತದವರಿಗೆ ಸಿ ಮೇಜರ್. ಹಾರ್ಮೋನಿಯಂನಲ್ಲಿ ಹೆಚ್ಚಿನವರು ಹೆಬ್ಬೆರಳನ್ನೂ ಕಿರುಬೆರಳನ್ನೂ ಅಷ್ಟಾಗಿ ಬಳಸುವುದಿಲ್ಲ, ಆದ್ದರಿಂದ ಈ ದಾಟುವಿಕೆ ಮೊದಲು ಕಿರಿಕಿರಿ ಎನಿಸುತ್ತದೆ. ಹದಿನೈದು ದಿನ ಸಹಿಸಿಕೊಳ್ಳಿ.

ಇನ್ನೊಂದು ಕಡೆ ನೀವು ಎಡವಬಹುದು. ಗಾಯಕರು ‘ಕಪ್ಪು ಎರಡರಿಂದ ಹಿಡಿಯಿರಿ’ ಎಂದರೆ ನೀವು ಅಲ್ಲಿಯೇ ಷಡ್ಜ ಇಟ್ಟುಕೊಳ್ಳುತ್ತೀರಿ. ನಮ್ಮ ಷಡ್ಜ ಹಾಡುವವರ ಕಂಠವನ್ನು ಅನುಸರಿಸಿ ಜಾಗ ಬದಲಿಸುತ್ತದೆ; ಪಿಯಾನೊದ ಸಿ ಮಾತ್ರ ಯಾರು ಹಾಡಿದರೂ ಅದೇ ಕೀಯ ಹೆಸರು. ‘ಸ ಅಂದರೆ ಸಿ’ ಎಂದು ಬಾಯಿಪಾಠ ಮಾಡಿಕೊಂಡರೆ ಐದು ಗೆರೆಗಳ ಸ್ವರಲಿಪಿಯನ್ನು ಓದುವಾಗ ಗೊಂದಲವಾಗುತ್ತದೆ.

ಇಂದು ರಾತ್ರಿಯೇ ಇದನ್ನು ಮಾಡಿ ನೋಡಿ. ಕಪ್ಪು ಕೀಗಳನ್ನು ಮಾತ್ರ ಬಳಸಿ. ಮೂರು ಕಪ್ಪು ಕೀಗಳ ಗುಂಪಿನಲ್ಲಿ ಮೊದಲನೆಯದನ್ನು ಷಡ್ಜ ಎಂದಿಟ್ಟುಕೊಂಡರೆ ಆ ಮೂರು ಸ, ರಿ, ಗ ಆಗುತ್ತವೆ. ಮುಂದಿನ ಎರಡರ ಗುಂಪು ಪ, ದ ಆಗುತ್ತದೆ. ಅದೇ ನಿಮ್ಮ ಭೂಪಾಲಿ ರಾಗ, ಊರಿನ ಕಡೆಯವರ ಮೋಹನ. ಎಡಗೈಯಿಂದ ಕೆಳಗಿನ ಸಪ್ತಕದ ಸ ಮತ್ತು ಪ ಎರಡನ್ನೂ ಒಟ್ಟಿಗೆ ಒತ್ತಿ, ತಂಬೂರಿಯಂತೆ ಅದು ನುಡಿಯುತ್ತಿರುವಾಗ ಬಲಗೈಯಿಂದ ಭೂಪಾಲಿಯಲ್ಲಿ ನಿಮಗೆ ಬರುವ ಯಾವುದಾದರೂ ಭಜನೆಯನ್ನು ನುಡಿಸಿ. ಎರಡು ಕೈಗಳೂ ಒಂದೇ ಹೊತ್ತಿನಲ್ಲಿ ಸ್ವರ ಹಿಡಿದ ಆ ಮೊದಲ ರಾತ್ರಿಯ ಸಂತೋಷವನ್ನು ನನಗೆ ಬರೆದು ತಿಳಿಸಿ. ಕೆಲಸ ಮುಗಿಸಿ ತಡವಾಗಿ ಮನೆಗೆ ಬರುವವರಿಗೆ ಹೆಡ್‌ಫೋನ್ ದೊಡ್ಡ ಅನುಕೂಲ, ಪಕ್ಕದ ಮನೆಯವರ ನಿದ್ದೆಯೂ ಕೆಡುವುದಿಲ್ಲ.

ಪ್ರಶ್ನೆ: ವರ್ಗವಾಗಿ ಮಡಗಾಂವಿಗೆ ಬಂದಿದ್ದೇವೆ. ಬಾಡಿಗೆಗೆ ಹಿಡಿದ ಹಳೆಯ ಮನೆಯಲ್ಲಿ ಮಾಲೀಕರ ಪಿಯಾನೊ ಇದೆ. ಮಗಳು ಕಲಿಯಬಹುದು ಎಂದಿದ್ದಾರೆ. ಆದರೆ ಮಳೆ ಶುರುವಾದಾಗಿನಿಂದ ಕೆಲವು ಕೀಗಳು ಒತ್ತಿದರೆ ಮೇಲೇಳುವುದಿಲ್ಲ. – ಬ್ಯಾಂಕ್ ಉದ್ಯೋಗಿ, ಮಡಗಾಂವ್

ಕರಾವಳಿಯ ಮಳೆಗಾಲದಲ್ಲಿ ಪಿಯಾನೊದೊಳಗಿನ ಮರವೂ ಉಣ್ಣೆಯ ಬಟ್ಟೆಯೂ ತೇವ ಹೀರಿ ಉಬ್ಬುತ್ತವೆ, ಅದರಿಂದ ಕೀಗಳು ಹಿಡಿದುಕೊಳ್ಳುತ್ತವೆ. ಬಾಗಿಲು ಬಿಗಿಯಾದಾಗ ಮಾಡುವಂತೆ ಎಣ್ಣೆಯನ್ನಾಗಲಿ, ಯಾವುದೇ ಸ್ಪ್ರೇಯನ್ನಾಗಲಿ ಒಳಗೆ ಹಾಕಬೇಡಿ. ಎಣ್ಣೆ ಕುಡಿದ ಬಟ್ಟೆ ಮತ್ತೆ ಸರಿಹೋಗುವುದಿಲ್ಲ. ಪಿಯಾನೊವನ್ನು ಮಳೆ ಬಡಿಯುವ ಹೊರಗೋಡೆಯಿಂದ ಒಳಗೋಡೆಯ ಕಡೆಗೆ ಸರಿಸಲು ಮಾಲೀಕರ ಒಪ್ಪಿಗೆ ಕೇಳಿ. ಅದು ಬಹಳ ಭಾರದ ವಸ್ತುವಾದ್ದರಿಂದ ಮನೆಯವರೇ ತಳ್ಳುವ ಸಾಹಸ ಬೇಡ.

ಪಿಯಾನೊದೊಳಗೆ ಸುಮಾರು 230 ತಂತಿಗಳಿರುತ್ತವೆ ಮತ್ತು ಅವೆಲ್ಲದರ ಸೆಳೆತ ಸೇರಿದರೆ ಹಲವಾರು ಟನ್‌ಗಳಷ್ಟಾಗುತ್ತದೆ. ಬಹುಕಾಲ ಶ್ರುತಿ ಮಾಡಿಸದ ವಾದ್ಯವನ್ನು ಒಂದೇ ಸಲ ಸರಿಯಾದ ಶ್ರುತಿಗೆ ಏರಿಸಲು ಹೋದರೆ ತುಕ್ಕು ಹಿಡಿದ ತಂತಿ ಹರಿಯಬಹುದು, ಆದ್ದರಿಂದ ಅನುಭವಿ ಟ್ಯೂನರ್ ಹಂತಹಂತವಾಗಿ ಏರಿಸುತ್ತಾರೆ. ಮಳೆ ನಿಂತು ಗಾಳಿ ಒಣಗಿದ ಮೇಲೆ ಶ್ರುತಿ ಮಾಡಿಸುವುದು ಒಳ್ಳೆಯದು, ಇಲ್ಲದಿದ್ದರೆ ಹವೆ ಬದಲಾದಂತೆ ಮತ್ತೆ ಇಳಿಯುತ್ತದೆ. ಅಲ್ಲಿಯವರೆಗೆ ಮಗಳನ್ನು ಅಪಶ್ರುತಿಯ ವಾದ್ಯದಲ್ಲಿ ದಿನವೂ ಕೂರಿಸಬೇಡಿ, ಆಗಷ್ಟೇ ಅರಳುತ್ತಿರುವ ಕಿವಿ ಕೇಳಿದ್ದನ್ನೇ ಸರಿ ಎಂದು ನಂಬುತ್ತದೆ.

ಗುರುಗಳ ವಿಷಯದಲ್ಲಿ ನೀವು ಭಾಗ್ಯವಂತರು. ಪೋರ್ಚುಗೀಸರ ಕಾಲದಲ್ಲಿ ಇಗರ್ಜಿಗಳ (ಚರ್ಚುಗಳ) ಶಾಲೆಗಳಲ್ಲಿ ಮಕ್ಕಳಿಗೆ ಸ್ವರಲಿಪಿ ಓದುವುದನ್ನು ಕಲಿಸುವ ಪದ್ಧತಿ ಗೋವಾದಲ್ಲಿ ಬೇರೂರಿತು. ಮುಂಬೈಯ ಹಿಂದಿ ಚಿತ್ರಗಳ ವಾದ್ಯವೃಂದಗಳಲ್ಲಿ ಗೋವಾದವರು ಅಷ್ಟೊಂದು ಸಂಖ್ಯೆಯಲ್ಲಿ ಇದ್ದದ್ದು ಆ ಓದಿನ ಬಲದಿಂದಲೇ. ನಿಮ್ಮ ಮನೆಯ ಮಾಲೀಕರನ್ನೋ ಹತ್ತಿರದ ಇಗರ್ಜಿಯವರನ್ನೋ ಕೇಳಿದರೆ ಯಾರಾದರೂ ಹಿರಿಯ ಶಿಕ್ಷಕರ ಸುಳಿವು ಸಿಗುತ್ತದೆ. ಪಣಜಿಯ ಕಲಾ ಅಕಾಡೆಮಿಯಲ್ಲಿ ಪಾಶ್ಚಾತ್ಯ ಸಂಗೀತದ ವಿಭಾಗವೂ ಇದೆ.

ಪ್ರಶ್ನೆ: ನಮ್ಮ ಐದು ವರ್ಷದ ಮಗ ಶಾಲೆಯಲ್ಲಿ ಇಂಗ್ಲಿಷ್ ಮಾತನಾಡುವುದಿಲ್ಲವೆಂದು ಶಿಕ್ಷಕಿ ಹೇಳಿದ್ದಾರೆ, ಮನೆಯಲ್ಲಿ ಕನ್ನಡ ನಿಲ್ಲಿಸಿ ಎಂದೂ ಸೂಚಿಸಿದ್ದಾರೆ. ಅತ್ತೆಯವರಿಗೆ ಕನ್ನಡ ಬಿಟ್ಟು ಬೇರೆ ಬಾರದು. ಏನು ಮಾಡಲಿ? – ಹಿಂಜವಡಿ, ಪುಣೆ

ಕನ್ನಡವನ್ನು ನಿಲ್ಲಿಸಬೇಡಿ. ನಿಮ್ಮ ಅತ್ತೆಯವರು ಮೊಮ್ಮಗನಿಗೆ ಹೇಳುವ ಕಥೆಯಲ್ಲಿ ಕಾರಣವಿರುತ್ತದೆ, ಹೋಲಿಕೆಯಿರುತ್ತದೆ, ‘ಆಮೇಲೆ ಏನಾಯಿತು’ ಎಂಬ ಕುತೂಹಲವಿರುತ್ತದೆ. ಹೀಗೆ ಯೋಚಿಸಲು ಕಲಿತ ಮಗುವಿಗೆ ಇಂಗ್ಲಿಷ್ ಹೊಸ ಪದಗಳನ್ನಷ್ಟೇ ಕೊಡಬೇಕಾಗುತ್ತದೆ. ಕನ್ನಡವನ್ನು ಕಿತ್ತುಕೊಂಡು, ಅದರ ಜಾಗದಲ್ಲಿ ‘ಕಮ್ ಹಿಯರ್’, ‘ಈಟ್ ಫಾಸ್ಟ್’, ‘ಡೋಂಟ್ ಡೂ’ ಎಂಬ ಆಜ್ಞೆಗಳನ್ನಷ್ಟೇ ಇಟ್ಟರೆ ಮಗುವಿಗೆ ಎರಡೂ ಭಾಷೆಗಳು ಬಡವಾಗುತ್ತವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿರುವ ಕಡೆಗಳಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿಯೇ ಕಲಿಸಬೇಕೆಂದು ಹೇಳುತ್ತದೆ. ಅದನ್ನು ಶಿಕ್ಷಕಿಯವರಿಗೆ ವಿನಯದಿಂದ ನೆನಪಿಸಬಹುದು.

ಹೊಸ ಭಾಷೆಯ ನಡುವೆ ಇಳಿದ ಮಗು ಕೆಲವು ತಿಂಗಳು ಕೇಳುತ್ತ ಸುಮ್ಮನಿರುವುದು ಸಹಜ. ಪುಣೆಯಲ್ಲಿ ನಿಮ್ಮ ಮಗ ಆಟದ ಮೈದಾನದ ಮರಾಠಿಯನ್ನೂ ಟಿವಿಯ ಹಿಂದಿಯನ್ನೂ ಜೊತೆಜೊತೆಗೆ ಕೇಳಿಸಿಕೊಳ್ಳುತ್ತಿದ್ದಾನೆ. ಅವನಿಗೆ ಅರ್ಥವಾಗುತ್ತಿದೆಯೇ ಎಂದು ಪರೀಕ್ಷಿಸಿ. ‘ಬ್ರಿಂಗ್ ದ ರೆಡ್ ಬಾಲ್’ ಎಂದಾಗ ಕೆಂಪು ಚೆಂಡನ್ನೇ ತಂದರೆ ಚಿಂತೆಗೆ ಕಾರಣವಿಲ್ಲ. ದಿನಕ್ಕೆ ಹತ್ತು ನಿಮಿಷ, ಮಲಗುವ ಮುನ್ನ, ಚಿತ್ರಗಳಿರುವ ಒಂದೇ ಇಂಗ್ಲಿಷ್ ಪುಸ್ತಕವನ್ನು ವಾರಪೂರ್ತಿ ಓದಿ ಹೇಳಿ. ಅದೇ ವಾಕ್ಯ ಮತ್ತೆ ಮತ್ತೆ ಕಿವಿಗೆ ಬಿದ್ದಾಗ ನಾಲ್ಕನೆಯ ದಿನ ಅವನೇ ಮುಂದಿನ ಪದವನ್ನು ಹೇಳುತ್ತಾನೆ. ತಪ್ಪು ಮಾತನಾಡಿದರೆ ತಡೆದು ತಿದ್ದಬೇಡಿ. ‘ಐ ಗೋಡ್ ಟು ಪಾರ್ಕ್’ ಎಂದರೆ, ‘ಓ, ಯೂ ವೆಂಟ್ ಟು ದ ಪಾರ್ಕ್?’ ಎಂದು ಸರಿಯಾದ ರೂಪದಲ್ಲಿ ಮಾತು ಮುಂದುವರಿಸಿ. ಮಾತು ಮುರಿಯಲಿಲ್ಲ, ಸರಿಯಾದ ರೂಪವೂ ಕಿವಿಗೆ ಬಿತ್ತು.

ಪ್ರಶ್ನೆ: ಮಗ ಪಿಯಾನೊ ಅಭ್ಯಾಸಕ್ಕೆ ಕೂರೆಂದರೆ ಅಳುತ್ತಾನೆ. ವಾರಕ್ಕೊಮ್ಮೆ ಭಾನುವಾರ ಎರಡು ಗಂಟೆ ಕೂರಿಸಿದರೆ ಆದೀತೇ? – ಥಾಣೆ

ಆಗುವುದಿಲ್ಲ. ಎಂಟು ವರ್ಷದೊಳಗಿನ ಮಗುವಿಗೆ ದಿನಕ್ಕೆ ಹತ್ತರಿಂದ ಹದಿನೈದು ನಿಮಿಷ ಸಾಕು, ಆದರೆ ಅದು ದಿನವೂ, ಒಂದೇ ಹೊತ್ತಿಗೆ ಆಗಬೇಕು. ಹಾಡನ್ನು ಆರಂಭದಿಂದ ಕೊನೆಯವರೆಗೆ ನುಡಿಸು ಎನ್ನುವ ಬದಲು, ತಪ್ಪುವ ಎರಡು ಅಳತೆಗಳನ್ನು (ಸ್ವರಲಿಪಿಯಲ್ಲಿ ಲಂಬಗೆರೆಗಳ ನಡುವಿನ ತುಣುಕುಗಳನ್ನು) ಮಾತ್ರ ಒಂದೊಂದೇ ಕೈಯಲ್ಲಿ, ನಿಧಾನವಾಗಿ, ಐದು ಸಲ ನುಡಿಸಲು ಹೇಳಿ. ಅಳುವುದಕ್ಕೆ ಬಹಳ ಸಲ ಕಾರಣ ಸೋಮಾರಿತನವಲ್ಲ, ಎಲ್ಲಿ ತಪ್ಪುತ್ತಿದೆ ಎಂಬುದು ಅವನಿಗೆ ತಿಳಿಯದಿರುವುದು. ಗ್ರೇಡ್ ಪರೀಕ್ಷೆಯ ಗಡಿಬಿಡಿ ಈಗಲೇ ಬೇಡ.

ಪ್ರಶ್ನೆ: ವಾಸ್ಕೊದಲ್ಲಿ ಸಂಜೆ ಹನ್ನೆರಡು ಮಕ್ಕಳಿಗೆ ಉಚಿತವಾಗಿ ಇಂಗ್ಲಿಷ್ ಹೇಳಿಕೊಡುತ್ತೇನೆ. ತಂದೆತಾಯಿ ವಿಜಯಪುರ, ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಮಕ್ಕಳು ಎಬಿಸಿಡಿ ಪಟಪಟನೆ ಹೇಳುತ್ತಾರೆ, ಆದರೆ ಒಂದು ಹೊಸ ಪದವನ್ನೂ ಓದಲಾರರು. – ಕಾಲೇಜು ವಿದ್ಯಾರ್ಥಿನಿ, ವಾಸ್ಕೊ

ನಿಮ್ಮ ಪತ್ರ ಓದಿದಾಗ ನನ್ನ ತರಗತಿಯ ಒಬ್ಬ ಹುಡುಗ ಕಣ್ಣ ಮುಂದೆ ಬಂದ. ನಾಲ್ಕನೆಯ ತರಗತಿಯವನು. ಹಲಗೆಯ ಮೇಲೆ ‘ಬಸ್’ ಎಂದು ಇಂಗ್ಲಿಷಿನಲ್ಲಿ ಬರೆದರೆ ‘ಬಿ-ಯು-ಎಸ್ ಬಸ್ಸು’ ಎಂದು ಗಟ್ಟಿಯಾಗಿ ಕೂಗುತ್ತಿದ್ದ. ಒಂದು ದಿನ ಅದೇ ಮೂರು ಅಕ್ಷರಗಳನ್ನು ತಿರುಗಿಸಿ ‘ಸಬ್’ ಎಂದು ಬರೆದೆ. ಅವನು ‘ಎಸ್-ಯು-ಬಿ’ ಎಂದ, ಆಮೇಲೆ ನನ್ನ ಮುಖ ನೋಡಿದ, ಮತ್ತೆ ಹಲಗೆ ನೋಡಿದ, ಸುಮ್ಮನಾದ. ಮೂರು ವರ್ಷ ಅವನು ಓದಿರಲಿಲ್ಲ, ಹಾಡಿದ್ದ. ತಪ್ಪು ಅವನದಲ್ಲ, ಅಕ್ಷರದ ಹೆಸರನ್ನು ಕಲಿಸಿ ಅದರ ಉಲಿಯನ್ನು ಕಲಿಸದೆ ಬಿಟ್ಟ ನನ್ನದು.

ನಿಮ್ಮ ಮಕ್ಕಳಿಗೆ ಕನ್ನಡ ಓದಲು ಬರುತ್ತಿದ್ದರೆ ಅವರ ಕೈಯಲ್ಲಿ ದೊಡ್ಡ ಸಾಧನವಿದೆ, ಅದು ಕಾಗುಣಿತ. ಪ್ ಎಂಬುದಕ್ಕೆ ಇ ಸೇರಿದರೆ ಪಿ ಆಗುತ್ತದೆಂದು ಅವರಿಗೆ ಗೊತ್ತು. ಇಂಗ್ಲಿಷಿನಲ್ಲಿಯೂ ಅದನ್ನೇ ಮಾಡಿಸಿ. ಎಸ್, ಎ, ಟಿ, ಪಿ, ಐ, ಎನ್ ಎಂಬ ಆರು ಅಕ್ಷರಗಳಿಂದ ಆರಂಭಿಸಿ, ಹೆಸರಿನ ಬದಲು ಉಲಿಯನ್ನು ಹೇಳಿಕೊಡಿ: ಸ್, ಆ್ಯ, ಟ್, ಪ್, ಇ, ನ್. ‘ಸ’ ಎಂದು ಅಕಾರ ಸೇರಿಸಿ ಹೇಳಬಾರದು, ‘ಸ್’ ಎಂದು ನಿಲ್ಲಿಸಬೇಕು. ಈ ಆರರಿಂದಲೇ ಪಿನ್, ಟಿನ್, ಪ್ಯಾನ್, ಟ್ಯಾಪ್, ಟಿಪ್, ಸಿಟ್ ಎಂದು ಹತ್ತಾರು ಪದಗಳಾಗುತ್ತವೆ. ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಅಕ್ಷರಗಳನ್ನು ಬರೆದು ಕತ್ತರಿಸಿ, ಮಕ್ಕಳೇ ಜೋಡಿಸಿ, ಬಿಡಿಸಿ, ಮತ್ತೆ ಜೋಡಿಸಿ ಓದಲಿ. ಆರು ಅಕ್ಷರಗಳು ಕೈವಶವಾಗುವವರೆಗೆ ಏಳನೆಯದನ್ನು ತರಬೇಡಿ.

ನಮ್ಮ ಮಾತಿನಲ್ಲಿ ಪದಗಳು ಸ್ವರದಲ್ಲಿ ಮುಗಿಯುವುದರಿಂದ ಮಕ್ಕಳು ಬಸ್ಸು, ಪೆನ್ನು, ಬುಕ್ಕು ಎನ್ನುತ್ತಾರೆ. ಇದಕ್ಕಾಗಿ ಗದರಬೇಡಿ. ನಾನು ಸಂಗೀತದ ಪಾಠದಿಂದ ಎರವಲು ತಂದ ಉಪಾಯ ಹೀಗಿದೆ: ಪದಕ್ಕೆ ಎಷ್ಟು ಉಚ್ಚಾರಾಂಶಗಳೋ ಅಷ್ಟು ಚಪ್ಪಾಳೆ. ‘ಪೆನ್’ ಎಂದರೆ ಒಂದು ಚಪ್ಪಾಳೆ, ‘ಪೆನ್ಸಿಲ್’ ಎಂದರೆ ಎರಡು. ‘ಪೆನ್ನು’ ಎಂದ ಮಗುವಿನ ಕೈ ಎರಡನೆಯ ಚಪ್ಪಾಳೆಗೆ ಏಳುತ್ತಿದ್ದಂತೆಯೇ ಅದಕ್ಕೇ ತಪ್ಪು ಗೊತ್ತಾಗುತ್ತದೆ.

ಉಲಿ ಹಿಡಿತಕ್ಕೆ ಬಂದ ಮೇಲೆ ಪದದ ಕೊನೆಯ ಇ ಅಕ್ಷರದ ನಿಯಮಕ್ಕೆ ಬನ್ನಿ: ತಾನು ಮೌನವಾಗಿದ್ದು ಹಿಂದಿನ ಸ್ವರವನ್ನು ಹಿಗ್ಗಿಸುವ ಅಕ್ಷರ ಅದು. ಕಿಟ್ ಎಂಬುದು ಕೈಟ್ ಆಗುತ್ತದೆ, ಕ್ಯಾಪ್ ಎಂಬುದು ಕೇಪ್ ಆಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಮುಂಬೈಯ ಮಕ್ಕಳು ಈ ನಿಯಮ ಕಲಿತ ಮರುದಿನವೇ ‘ಟ್ಯೂನ್’ ಪದದ ಮೊದಲ ಅಕ್ಷರ ತೆಗೆದು ಪಿ ಇಟ್ಟರೆ ‘ಪುಣೆ’ ಏಕಾಗುತ್ತದೆ, ‘ಪ್ಯೂನ್’ ಏಕಾಗುವುದಿಲ್ಲ ಎಂದು ಕೇಳಿದ್ದರು. ಬಹಳ ಒಳ್ಳೆಯ ಪ್ರಶ್ನೆ. ಪುಣೆ, ಥಾಣೆ ನಮ್ಮ ಹೆಸರುಗಳು, ಇಂಗ್ಲಿಷ್ ಅಕ್ಷರವನ್ನು ಉಟ್ಟಿವೆಯೇ ಹೊರತು ಇಂಗ್ಲಿಷಿನ ನಿಯಮಕ್ಕೆ ಒಳಪಟ್ಟಿಲ್ಲ ಎಂದು ಹೇಳಿಕೊಡಿ. ರೈಲು ನಿಲ್ದಾಣದ ಹಲಗೆಗಳನ್ನು ಓದಿಸುವಾಗ ಇದು ನೆನಪಿರಲಿ.

ವಾಕ್ಯಕ್ಕೆ ಬಂದಾಗ ವ್ಯಾಕರಣದ ಹೆಸರುಗಳು ಬೇಡ. ಮೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ. ಒಬ್ಬಳು ‘ನಾನು’, ಇನ್ನೊಬ್ಬ ‘ನೀರು’, ಮೂರನೆಯವನು ‘ಕುಡಿಯುತ್ತೇನೆ’. ಈಗ ಅವರ ಕೈಗೆ ‘ಐ’, ‘ವಾಟರ್’, ‘ಡ್ರಿಂಕ್’ ಎಂಬ ಚೀಟಿಗಳನ್ನು ಕೊಟ್ಟು, ಕೊನೆಯಲ್ಲಿ ನಿಂತ ಹುಡುಗನನ್ನು ನಡುವಿಗೆ ಬರಲು ಹೇಳಿ. ಕ್ರಿಯಾಪದ ತನ್ನ ಕಾಲಿನಲ್ಲಿಯೇ ನಡೆದು ಜಾಗ ಬದಲಿಸಿದ್ದನ್ನು ಕಂಡ ಮಕ್ಕಳು ಅದನ್ನು ಮರೆಯುವುದಿಲ್ಲ. ಪ್ರತಿ ದಿನ ಒಂದು ವಾಕ್ಯ ಸಾಕು: ಐ ಈಟ್ ರೊಟ್ಟಿ, ಐ ಸೀ ದ ಶಿಪ್. ವಾಸ್ಕೊದ ಮಕ್ಕಳಿಗೆ ಹಡಗು ದಿನವೂ ಕಾಣುತ್ತದೆ.

ತಂದೆತಾಯಿಯ ಕೆಲಸ ಮುಗಿದಲ್ಲಿ ಈ ಮಕ್ಕಳು ಊರು ಬಿಟ್ಟು ಹೋಗಬೇಕಾಗಬಹುದು, ಪಾಠ ನಡುವೆಯೇ ನಿಲ್ಲಬಹುದು. ಆದ್ದರಿಂದ ಪ್ರತಿ ಮಗುವಿಗೂ ತನ್ನದೇ ಆದ ಒಂದು ಬೆಂಕಿಪೆಟ್ಟಿಗೆಯಲ್ಲಿ ಕಲಿತ ಅಕ್ಷರಗಳ ಚೀಟಿಗಳನ್ನು ಹಾಕಿ ಕೊಡಿ, ಪೆಟ್ಟಿಗೆಯ ಮೇಲೆ ಅದರ ಹೆಸರನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆಯಿರಿ. ಹೋದಲ್ಲಿ ಯಾವ ಶಿಕ್ಷಕರು ಸಿಕ್ಕರೂ ಆ ಪೆಟ್ಟಿಗೆಯನ್ನು ತೆರೆದ ಕೂಡಲೇ ಮಗು ಎಲ್ಲಿಯವರೆಗೆ ಬಂದಿದೆ ಎಂಬುದು ಅವರಿಗೆ ತಿಳಿಯುತ್ತದೆ.